ವೈಜಿನಾಥನ ಕಿವಿ

"ವೈಜಿನಾಥನ ಮನಿ ಕಂಬಳಿ ಮದುವಿಗಿ ಹೋಗ್ತಾವ, ಮನಿ ಮಂದಿ ಚಳ್ಯಾಗ ನಡುಗ್ತಾರ" ಎಂದು ಬೀದರಿನ ಅವನ ಓಣಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಅವನದು ಮೈಕ್‌ಸೆಟ್ಟಿನ ಕೆಲಸ. ಈ ಕಡೆಯ ಫಂಕ್ಷನ್ ಹಾಲ್‌ಗಳೆಂದರೆ ಮೇಲೆ ತಗಡು, ಕೆಳಗೆ ಟೈಲ್ಸ್. ಆಡಿದ ಒಂದು ಮಾತು ನಾಲ್ಕಾಗಿ ತಿರುಗಿ ಬರುತ್ತದೆ. ಗೋಡೆಗೆ ಕಂಬಳಿ ಇಳಿಬಿಟ್ಟರೆ ಆ ಗದ್ದಲವನ್ನು ಉಣ್ಣೆ ನುಂಗುತ್ತದೆ. ಅದಕ್ಕೇ ಚಿಂತಾಕಿ ಊರಿನ ಅವನ ಅಣ್ಣ ಕೊಟ್ಟ ಕಂಬಳಿಗಳೆಲ್ಲ ಗಾಡಿಯಲ್ಲೇ ಇರುತ್ತಿದ್ದವು.

ವರ್ಷಗಟ್ಟಲೆ ಸ್ಪೀಕರಿನ ಪಕ್ಕ ನಿಂತು ಅವನ ಕಿವಿ ಮಂದವಾಗಿತ್ತು. ತಾನು ದುಡಿಯುವ ಬ್ಯಾಂಡಿನ ಯಜಮಾನ ಖಾಲಿದನಿಗೆ ಅದನ್ನು ಹೇಳಿರಲಿಲ್ಲ. ಹೆಂಡತಿ ಪುತಳಾಬಾಯಿ ಕೊನೆಯ ಸಾಲಿನ ಹೆಂಗಸರ ನಡುವೆ ಕೂತು ಸನ್ನೆ ಮಾಡುವಳು: ಹಾಡಿನ ಮಾತು ಕಲಸಿದರೆ ಕೈ ಆಡಿಸುವಳು, ತಿಳಿಯಾದರೆ ತಲೆಗೆ ಸೆರಗು ಹೊದೆಯುವಳು. ಕೆಟ್ಟಿರುವುದು ಹಾಲ್‌ಗಳು, ಕಿವಿಯಲ್ಲ, ಒಂದು ದಿನ ತನಗೂ ತಿಳಿಯಾಗಿ ಕೇಳಿಸೀತು ಎಂದುಕೊಂಡೇ ಅವನು ದಿನ ತಳ್ಳುತ್ತಿದ್ದ.

ಭಾಲ್ಕಿಯಲ್ಲಿ ಒಂದು ಮದುವೆ. ಕುರಿ ಸಾಕುವ ಮನೆತನದವರು, ಔರಾದಿನಿಂದ ಬಂದ ಬೀಗರು. ಡ್ರಮ್ಮಿನ ಅಡಿಗೆಂದು ವೈಜಿನಾಥ ಒಂದು ಕಂಬಳಿ ಹಾಸಿದ್ದನಷ್ಟೆ, ವರನ ಅಜ್ಜಿ ಕೇಶರಬಾಯಿ ಬಂದು ಅದರ ಮೇಲೆ ಅರಿಸಿನದ ಭಂಡಾರ ಚೆಲ್ಲಿ, ಕಾಯಿ ಇಟ್ಟು ಕೈಮುಗಿದಳು. ಹಾಸಿದ ಕಂಬಳಿಯೆಂದರೆ ಅವರಿಗೆ ದೇವರ ಗದ್ದುಗೆ.

"ಅಜ್ಜಿ, ಅದು ಡ್ರಮ್ಮಿಗಿ ಹಾಸೀನ್ರಿ."

"ಗದ್ದುಗಿ ಮ್ಯಾಲ ಡ್ರಮ್ ಇಡ್ತಿಯೇನೋ? ಮತ್ತ ಗ್ವಾಡಿಗಿ ಇವೇನು? ದೇವರ್ನ ಒಣಾಕ ಹಾಕೀಯೇನು?"

"ವೈಜಿ ಭಾಯ್, ಹೋತು ನಿನ್ನ ಕೆಲಸ" ಎಂದು ಖಾಲಿದ ನಕ್ಕ.

ಗೋಡೆಯ ಕಂಬಳಿಗಳೂ ಕೆಳಗಿಳಿದು ಗದ್ದುಗೆಯ ಸುತ್ತ ಹಾಸಿಕೊಂಡವು. ದೇವರು ನೆಲದಲ್ಲಿರುವಾಗ ಕುರ್ಚಿಯಲ್ಲಿ ಕೂರುವುದುಂಟೇ? ಬಂದವರೆಲ್ಲ ಕುರ್ಚಿ ಬಿಟ್ಟು ವೇದಿಕೆಯ ಬುಡಕ್ಕೆ ಬಂದು ಒತ್ತೊತ್ತಾಗಿ ಕೂತರು. ಇಷ್ಟು ಹತ್ತಿರದ ಮಂದಿಗೆ ದೊಡ್ಡ ಸದ್ದೇಕೆ? ವೈಜಿನಾಥ ದೊಡ್ಡ ಸ್ಪೀಕರುಗಳನ್ನು ಬಂದ್ ಮಾಡಿ, ಸಣ್ಣವೆರಡನ್ನು ಜನರ ಕಡೆ ಬಾಗಿಸಿದ. ಬ್ಯಾಂಡಿನ ಹಾಡುಗಾರ್ತಿ ಮುಸರ್ರತ ಹಾಡು ಎತ್ತಿದಳು. ಪುತಳಾಬಾಯಿ ತಲೆಗೆ ಸೆರಗು ಹೊದ್ದಳು.

ಅವನು ಕಣ್ಣು ಮುಚ್ಚಿ ಆಲಿಸಿದ. ಅವನಿಗೆ ಅದೇ ಗೂಂ ಎನ್ನುವ ಸದ್ದು. ಮತ್ತೆ ಆಲಿಸಿದ. ಅದೇ.

ತಿರುಗಿ ಬರುವಾಗ ಗಾಡಿಯಲ್ಲಿ ಪುತಳಾಬಾಯಿ ಹಿಗ್ಗಿಹೋಗಿದ್ದಳು. "ರೀ, ಒಂದೊಂದು ಮಾತೂ ಕೇಳ್ತು. ಆಕಿ ಉಸುರು ತಗೊಂಡದ್ದು ಸೈತ ಕೇಳ್ತು."

"ನನಗ ಗೂಂ ಅಂತು. ಇಷ್ಟು ದಿನ ಸುಮ್ನ ಹಾಲಿಗಿ ಬೈದೆ."

"ನಾ ಇದ್ದೀನಲ್ರಿ."

"ನೀ ಎಷ್ಟಂತ ಕೂಡ್ತಿ, ಪುತಳಾ. ಒಂದು ಮದುವ್ಯಾಗಾದ್ರೂ ಬಿಸಿ ಊಟ ಉಂಡೀಯೇನು?"

ಅವಳು ಅವನತ್ತ ಸರಿದು ಕೂತಳು. ಜನವಾಡ ದಾಟುವ ಹೊತ್ತಿಗೆ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಮರುದಿನ ವೈಜಿನಾಥ ಸದ್ದು ಹೊಂದಿಸುವ ಮಿಕ್ಸರ್ ಒರೆಸಿ, ಹಳೆಯ ಧೋತರದಲ್ಲಿ ಕಟ್ಟಿ ಎತ್ತಿಕೊಂಡ. ಖಾಲಿದನಿಗೆ ಒಪ್ಪಿಸಿ ಬರುವುದಿತ್ತು. ಮೈಕಿನವನಾಗಿ ಮನೆಯಿಂದ ಹೊರಬೀಳುವುದು ಅದೇ ಕೊನೆ. ಪುತಳಾಬಾಯಿ ರೂಢಿಯಂತೆ ಚಪ್ಪಲಿ ಮೆಟ್ಟಿ ಹಿಂದೆ ಬಂದಳು.

"ನೀ ಮನ್ಯಾಗೇ ಕೂಡು," ಎಂದ. "ಇವತ್ತ ಯಾರೂ ಹಾಡಂಗಿಲ್ಲ."