ಸ್ಟಾರ್ ಹಾಕಲಿಲ್ಲ

ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಆಫೀಸಿನಲ್ಲಿ ನನ್ನ ಬಾಸು ಹುಬ್ಬಳ್ಳಿಯವರು. ಎಲ್ಲರೆದುರು ಇಂಗ್ಲಿಷಿನಲ್ಲಿ ರೂಲ್ಸು ಹೇಳುವರು; ರೂಲ್ಸು ಮುರಿಯಬೇಕಾದಾಗ ಮಾತ್ರ ನನ್ನ ಪಕ್ಕ ಬಂದು ಕನ್ನಡ ಮಾತಾಡುವರು.

ರೋಗಿಗಳ ಸ್ಕ್ಯಾನುಗಳು ಕ್ಲೌಡ್‌ನಲ್ಲಿದ್ದವು; ಅವನ್ನು ಯಾರು ನೋಡಬಹುದು, ಯಾರು ಅಳಿಸಬಹುದು ಎಂಬ ಪಾಲಿಸಿಯನ್ನು ನಾನು ಪೈಥಾನ್ ಕೋಡಿನಲ್ಲಿ ಬರೆಯುತ್ತಿದ್ದೆ. ಒಂದು ದಿನ ಡೆಮೊಗೆ ಮುಂಚೆ ಬಾಸು ಬಂದು ಮೆಲ್ಲಗೆ ಅಂದರು: "ನನ್ನ ಹೆಸರ ಮುಂದ ಒಂದು ಸ್ಟಾರ್ ಹಾಕಿಬಿಡವಾ. ಆಮ್ಯಾಲೆ ತಗದ್ರಾತು."

ಪಾಲಿಸಿಯಲ್ಲಿ ಸ್ಟಾರ್ ಗುರುತು (*) ಅಂದರೆ ಎಲ್ಲಾ ಹಕ್ಕೂ, ಅಳಿಸುವುದೂ ಸೇರಿ. ಹಾಗೆ ಹಾಕಿದ ಸ್ಟಾರನ್ನು ಆಮೇಲೆ ತೆಗೆದವರನ್ನು ನಾನಿನ್ನೂ ಕಂಡಿಲ್ಲ.

ಇಡೀ ರೂಮಿಗೆ ಕೇಳುವಂತೆ, ಇಂಗ್ಲಿಷಿನಲ್ಲೇ ಹೇಳಿದೆ: "ಅಳಿಸುವ ಹಕ್ಕನ್ನು ನನಗೇ ನಾನು ಕೊಟ್ಟುಕೊಂಡಿಲ್ಲ. ನಿಮಗೆ ಎಲ್ಲಿಂದ ಕೊಡಲಿ?"