ನೋಲಿಯ ಕಡಲಿನಲ್ಲಿ ತಾತನ ಎಡೆ

ಓದುವವರಲ್ಲಿ ಮೊದಲೇ ಒಂದು ಮಾತು. ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ತಪ್ಪಿದ ಕಡೆ ಅಳಿಸಿ ಮತ್ತೆ ಬರೆದಿದ್ದೇನೆ. ಅಲ್ಲಲ್ಲಿ ಕಾಗದ ತೂತಾಗಿದ್ದರೆ ಮನ್ನಿಸಬೇಕು. ಆದರೆ ಇಲ್ಲಿರುವುದು ದೀಪಿಕಕ್ಕ ಫೋನಿನಲ್ಲಿ ಹೇಳಿದ್ದು ಮತ್ತು ಅವಳ ಅಜ್ಜಿ ಜಗುಲಿಯ ಮೇಲೆ ಕೂತು ಹೇಳಿದ್ದು. ಇಬ್ಬರಿಗೂ ಓದಿ ಹೇಳಿ, ಸರಿ ಅನ್ನಿಸಿಕೊಂಡಿದ್ದೇನೆ.

ದೀಪಿಕ ಬೆಸಗರಹಳ್ಳಿಯ ಚಲುವರಾಜುವಿನ ಮಗಳು. ಮಂಡ್ಯದಲ್ಲಿ ಡಿಗ್ರಿ ಮುಗಿಸಿ, ಹಾಲಿನಿಂದ ಚೀಸು ಮಾಡುವುದನ್ನು ಓದಲು ಇಟಲಿಯ ಟ್ಯೂರಿನ್ ಎಂಬ ಊರಿಗೆ ಹೋದವಳು. ಹೊರಟ ದಿನ ಪಕ್ಕದ ಹೊಲದ ಅಂಕಯ್ಯ ಬಸ್ ಸ್ಟ್ಯಾಂಡಿನವರೆಗೂ ಬಂದು, "ನಮ್ಮನೇಲಿ ಫ್ರಿಜ್ಜು ಕೆಟ್ಟಾಗ ಹಾಲು ತಾನಾಗೇ ಕೆಡ್ತದೆ ಕಣವ್ವ, ಅದ್ನ ಕಲಿಯಾಕೆ ಅಷ್ಟು ದೂರ ಓಗ್ಬೇಕಾ?" ಎಂದು ಕೇಳಿದ್ದ. ಏನೂ ಕೇಳದವರು ತಾತ ಮರಿಸಿದ್ದಯ್ಯ ಒಬ್ಬರೇ. ಅವರು ಯಾವುದಕ್ಕೂ ಹೂಂ ಅಂದವರಲ್ಲ, ಉಹೂಂ ಅಂದವರಲ್ಲ. ಒಪ್ಪಿಗೆಯಾದರೆ ಕತ್ತನ್ನು ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಅವತ್ತೂ ಹಾಗೇ ನೋಡಿದ್ದರು.

ಆ ತಾತ ಒಂದು ಗುರುವಾರ ಬೆಳಗ್ಗೆ ಹಾಸಿಗೆಯಿಂದ ಏಳಲಿಲ್ಲ. ದೀಪಿಕ ಬರುವಷ್ಟರಲ್ಲಿ ಮಣ್ಣಾಗಿಬಿಡುತ್ತದೆ, ಬರಬೇಡ ಎಂದು ಅಪ್ಪ ಹೇಳಿದರು. ಅವಳು ರೂಮಿನ ಬಾಗಿಲು ಹಾಕಿಕೊಂಡು ಕೂತಳು. ಅವಳ ಜೊತೆ ಓದುವ ಫ್ಲಾವಿಯಾ ಬಾಗಿಲು ಬಡಿದು ಬಡಿದು ತೆರೆಸಿದಳು. ಶನಿವಾರ, ಭಾನುವಾರ ಸಮುದ್ರದ ಹತ್ತಿರ ಹೋಗೋಣ ಎಂದು ಅವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಸತ್ತವರ ಮನೆಯವರು ಪ್ರವಾಸ ಹೋಗಬಾರದು ಎಂದು ದೀಪಿಕ ಹೇಳಿದಳು. ಇದು ಪ್ರವಾಸವಲ್ಲ, ಅಳುವುದಕ್ಕೆ ಗಾಳಿ ಚೆನ್ನಾಗಿರುವ ಜಾಗ ಎಂದು ಫ್ಲಾವಿಯಾ ಹೇಳಿದಳು. ಹೀಗೆ ಶುಕ್ರವಾರ ಸಂಜೆ ರೈಲಿಳಿದು, ಬಸ್ಸು ಹಿಡಿದು, ನೋಲಿ ಎಂಬ ಸಣ್ಣ ಊರಿಗೆ ಬಂದರು.

ಶನಿವಾರ ಊರಿನಲ್ಲಿ ಹಾಲುತುಪ್ಪ. ಅಂದರೆ ಮಣ್ಣು ಮಾಡಿದ ಮೇಲೆ ಗುಡ್ಡೆಗೆ ಹಾಲುತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಎಡೆ ಇಟ್ಟು ದೂರ ನಿಲ್ಲುವುದು. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ, ಹೀಗೆ ಮಾಡ್ತೀವಿ, ಹಾಗೆ ಮಾಡ್ತೀವಿ ಎಂದು ಮಾತು ಕೊಡಬೇಕು. ಯಾವ ಮಾತಿಗೆ ಕಾಗೆ ಇಳಿಯುತ್ತದೋ ಆ ಮಾತನ್ನು ನಡೆಸಲೇಬೇಕು. ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಊಟ ಮಾಡುವಂತಿಲ್ಲ.

ಊರಿನಲ್ಲಿ ಮಧ್ಯಾಹ್ನ. ನೋಲಿಯಲ್ಲಿ ಇನ್ನೂ ತಿಂಡಿಯ ಹೊತ್ತು. ದೀಪಿಕ ಮರಳಿನ ಮೇಲೆ ಟವಲು ಹಾಸಿಕೊಂಡು, ಪಕ್ಕದಲ್ಲಿ ಎಣ್ಣೆ ಸವರಿ ಸುಟ್ಟ ದಪ್ಪ ರೊಟ್ಟಿಯ ಪೊಟ್ಟಣ ಇಟ್ಟುಕೊಂಡು, ತಿನ್ನದೆ ಕೂತಿದ್ದಳು. ವೀಡಿಯೊ ಕಾಲ್ ಬಂತು. ಪರದೆಯಲ್ಲಿ ತಾತನ ಗುಡ್ಡೆ, ಬಾಳೆ ಎಲೆ, ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು ಎಲ್ಲವೂ ಮೇಲಿನಿಂದ ಕಾಣುತ್ತಿದ್ದವು, ವಿಮಾನದಿಂದ ಕಂಡ ಹಾಗೆ. ದೊಡ್ಡಪ್ಪ ಜಯಪ್ರಕಾಶ್ ನುಗ್ಗೆಕಾಯಿ ಕೀಳುವ ಗಳುವಿನ ತುದಿಗೆ ಫೋನು ಕಟ್ಟಿ ಎಡೆಯ ಮೇಲಕ್ಕೆ ಹಿಡಿದಿದ್ದರು. ಅವರು ಮಂಡ್ಯದಲ್ಲಿ ಸಂಬಳದ ಕೆಲಸದಲ್ಲಿರುವವರು, ಎಲ್ಲವನ್ನೂ ವ್ಯವಸ್ಥಿತವಾಗಿ ಮಾಡುವವರು.

"ಕಾಣ್ತದಾ ಮಗಾ?"

"ಕಾಣ್ತದೆ ದೊಡ್ಡಪ್ಪ. ಕಾಗೆ ಎಲ್ಲಿ?"

"ಹೊಂಗೆ ಮರದಲ್ಲಿ ಕೂತದೆ. ಬೆಳಗಿಂದ್ಲೂ ಎಡೆ ಕಡೀಕೆ ನೋಡ್ತದೆ, ಇಳೀತಿಲ್ಲ."

ಅಜ್ಜಿ ಅಂಕಮ್ಮ ಮುಂದೆ ಬಂದು ಸೆರಗು ಹೊದ್ದು ಕೈ ಮುಗಿದರು. "ನಿಮ್ ಎಮ್ಮೆ ಮಾರಾಕಿಲ್ಲ ಬನ್ನಿ. ನಾನಿರೋಗಂಟ ಮಾರಾಕಿಲ್ಲ."

ಕಾಗೆ ರೆಕ್ಕೆಯೊಳಗೆ ಕೊಕ್ಕು ಹಾಕಿ ಕೆರೆದುಕೊಂಡಿತು.

ಅಪ್ಪ ಚಲುವರಾಜು ಮುಂದೆ ಬಂದರು. "ಅಂಕಯ್ಯನ ಹೊಲದ ಬದದ ತಗಾದೆ ಬುಟ್ಬುಡ್ತೀವಿ ಕಣಪ್ಪ."

ಕಾಗೆ ಒಂದು ಕೊಂಬೆಯಿಂದ ಕೆಳಗಿನ ಕೊಂಬೆಗೆ ಹಾರಿತು. ಗುಂಪಿನಲ್ಲಿದ್ದ ಅಂಕಯ್ಯನ ಮುಖ ಅರಳಿತು. "ಎಲ್ರೂ ಕೇಳುಸ್ಕಂಡ್ರಾ? ಬುಟ್ಬುಡ್ತೀನಿ ಅಂದವ್ನೆ. ಮರಿಸಿದ್ದಯ್ಯಣ್ಣ ಅರ್ಧ ಒಪ್ಕಂಡವ್ರೆ."

"ಅರ್ಧ ಒಪ್ಪಾಕೆ ಇದೇನು ಪಂಚಾಯ್ತಿಯೇನ್ಲಾ? ಮುಟ್ಟಿದ್ರೆ ಮುಟ್ತು, ಇಲ್ದಿದ್ರೆ ಇಲ್ಲ," ಎಂದರು ಅಜ್ಜಿ.

ನೆಂಟರು ಹಸಿದಿದ್ದರು. ಮನೆಯ ಕಡೆಯಿಂದ ಸಾರಿನ ವಾಸನೆ ಹೊಲದವರೆಗೂ ಬರುತ್ತಿತ್ತಂತೆ. ಹಿಂದಿನಿಂದ ಯಾರೋ, "ಏನಾದ್ರೂ ದೊಡ್ಡದು ಒಪ್ಕಳಿ, ಬಿಸ್ಲು ಸುಡ್ತದೆ," ಎಂದರು. ಜಯಪ್ರಕಾಶ್ ಗಳುವನ್ನು ಎಡಗೈಗೆ ಬದಲಾಯಿಸಿ, ಗಂಟಲು ಸರಿಮಾಡಿಕೊಂಡರು.

"ಅಪ್ಪ, ದೀಪಿಕನ್ನ ಓದು ಬುಡಿಸಿ ಕರುಸ್ಕತೀವಿ. ಮಳವಳ್ಳಿ ಕಡೇದು ಒಂದು ಸಂಬಂಧ ಬಂದದೆ, ಬೆಳಕವಾಡಿ ಹುಡ್ಗ. ಆಸಾಡ ಕಳೀತಿದ್ದಂಗೇ ಮದ್ವೆ ಮಾಡ್ತೀವಿ."

ಕಾಗೆ ಇಳಿಯಿತು.

ಎಲೆಯಿಂದ ಮಾರು ದೂರದಲ್ಲಿ ಕೂತು, ಒಂದು ಸಲ ಕುಪ್ಪಳಿಸಿತು. ಇನ್ನೊಂದು ಸಲ ಕುಪ್ಪಳಿಸಿತು. ನೋಲಿಯ ಮರಳಿನಲ್ಲಿ ದೀಪಿಕ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. ಅವಳ ಪರೀಕ್ಷೆ, ಕಾಲೇಜಿನ ಕೊಠಡಿಯಲ್ಲಿ ಮಾಗಲು ಇಟ್ಟ ಅವಳದೇ ಚೀಸಿನ ಗಟ್ಟಿ, ಇನ್ನೂ ಓದಬೇಕಾದ ಎರಡನೇ ವರ್ಷ, ಎಲ್ಲವೂ ಬೆಸಗರಹಳ್ಳಿಯ ಒಂದು ಕಾಗೆಯ ಕಾಲಿನ ಕೆಳಗೆ ಬಂದು ನಿಂತಿದ್ದವು. ಬೆಳಕವಾಡಿಯ ಹುಡುಗ ಒಳ್ಳೆಯವನೇ ಇರಬಹುದು. ಆದರೂ ಕಾಗೆ ಮೂರನೇ ಸಲ ಮೈ ಕುಗ್ಗಿಸಿದಾಗ ಅವಳ ಬಾಯಿಂದ ತಾನಾಗಿ ಹೊರಟಿತು.

"ಉಶ್! ಉಶ್!"

ಗಳುವಿನ ತುದಿಯಿಂದ, ಸ್ಪೀಕರಿನಲ್ಲಿ, ಎಡೆಯ ನೆತ್ತಿಯ ಮೇಲೇ ಆ ಸದ್ದು ಬಂತು. ಕಾಗೆ ಹಾರಿ ಹೊಂಗೆ ಮರ ಸೇರಿತು. ಇತ್ತ ನೋಲಿಯಲ್ಲಿ ಮರಳಿಗೆ ದೊಡ್ಡ ಛತ್ರಿ ನೆಡುತ್ತಿದ್ದ ಒಬ್ಬ ಅಜ್ಜ ಕೈಬಿಟ್ಟು ದೀಪಿಕಳನ್ನು ನೋಡಿದ.

"ಯಾರ್ಲಾ ಅದು ಉಶ್ ಅಂದವ್ರು?" ಜಯಪ್ರಕಾಶ್ ಕೇಳಿದರು.

ದೀಪಿಕ ಸುಳ್ಳು ಹೇಳಿ ರೂಢಿಯಿದ್ದವಳಲ್ಲ, ಬಾಯಿಗೆ ಬಂದದ್ದನ್ನು ಹೇಳಿದಳು. "ಇಲ್ಲಿ ಒಂದು ಪಕ್ಷಿ ಬಂದಿತ್ತು ದೊಡ್ಡಪ್ಪ, ನನ್ನ ರೊಟ್ಟಿಗೆ."

"ಎಂಥ ಪಕ್ಸಿ?"

"ಬಿಳೀದು."

"ಬಂದ್ರೆ ಬರ್ಲಿ, ತಿಂದ್ರೆ ತಿನ್ಲಿ. ಇಲ್ಲಿ ಅಪ್ಪ ಉಣ್ಣಾಕೆ ಇಳಿದಿದ್ರು ಕಣಮ್ಮ, ನೀನು ಓಡಿಸ್ಬುಟ್ಟೆ." ಅವರು ಗುಂಪಿನ ಕಡೆ ತಿರುಗಿದರು. "ನೋಡುದ್ರಲ್ಲ, ಮದ್ವೆ ಅಂದ್ ತಕ್ಸಣ ಬಂದ್ರು. ಇನ್ನೊಂದ್ ಸಲ ಯೋಳ್ತೀನಿ."

ಇನ್ನೊಂದು ಸಲ ಹೇಳಿದರೆ ಮುಗಿಯಿತು ಎಂದು ದೀಪಿಕಳಿಗೆ ಗೊತ್ತಾಯಿತು. ಯೋಚಿಸುವುದಕ್ಕೆ ಇರುವುದು ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು. ಅವಳು ಕಾಗೆಯನ್ನು ಬಿಟ್ಟು ತಾತನನ್ನು ನೆನೆಸಿಕೊಂಡಳು. ಬೀಗರ ಊಟಗಳಲ್ಲಿ ತಾತ ಪಂಕ್ತಿಯಲ್ಲಿ ಕೂತು, ಎಲೆಗೆ ನೀರು ಚಿಮುಕಿಸಿ, ಬಡಿಸಿದ್ದನ್ನೆಲ್ಲ ನೋಡಿ, ಹಾಗೇ ಎಲೆ ಮಡಚಿ ಎದ್ದು ಬರುತ್ತಿದ್ದರು. ಮನೆಗೆ ಬಂದು, ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತು, ಮಿಕ್ಕ ಮುದ್ದೆ ತಿನ್ನುತ್ತಿದ್ದರು. ಯಾರಾದರೂ ಒಳಗೆ ಬಂದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

"ದೊಡ್ಡಪ್ಪ, ತಾಳಿ. ತಾತ ಯಾರ ಎದುರಿಗೂ ಉಣ್ತಿರಲಿಲ್ಲ ಅಲ್ವಾ? ಇಷ್ಟು ಜನ ಕಣ್ ಬುಟ್ಕಂಡು ನಿಂತಿದ್ರೆ ಹೆಂಗೆ ಬತ್ತಾರೆ? ಮೇಲಿಂದ ಫೋನು ಬೇರೆ."



"ನಿಜ," ಎಂದರು ಅಜ್ಜಿ. "ನಾನು ಮದ್ವೆಯಾಗಿ ಬಂದು ಈ ತಲೆ ನೆರೀತು. ಅವ್ರು ಬಾಯಾಡಿಸಾದ ನಾನೇ ನೋಡಿಲ್ಲ. ಎಲ್ರೂ ಆ ಕಡೀಕೆ ತಿರೀಕಳಿ. ಪ್ರಕಾಸ, ಆ ಗಳ ಇಳಿಸ್ಲಾ."

"ಗಳ ಇಳಿಸಿದ್ರೆ ದೀಪಿಕಂಗೆ ಹೆಂಗವ್ವ ಕಾಣದು?"

"ನಾನೂ ನೋಡಲ್ಲ ದೊಡ್ಡಪ್ಪ," ಎಂದಳು ದೀಪಿಕ. "ಫೋನು ಮಗುಚಿ ಇಡಿ."

ಗಳು ಇಳಿಯಿತು. ಪರದೆ ಕಪ್ಪಾಯಿತು. ಬೆಸಗರಹಳ್ಳಿಯ ಹೊಲದಲ್ಲಿ ನೆಂಟರೆಲ್ಲ ಗುಡ್ಡೆಗೆ ಬೆನ್ನು ಹಾಕಿ, ರಸ್ತೆ ಕಡೆ ಮುಖ ಮಾಡಿ ಸಾಲಾಗಿ ನಿಂತರು. ಆ ಹೊತ್ತಿಗೆ ಮದ್ದೂರಿನ ಬಸ್ಸು ಬಂತಂತೆ. ಇಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು ಡ್ರೈವರು ನಿಲ್ಲಿಸಿದನಂತೆ. ಯಾರೂ ಹತ್ತಲಿಲ್ಲ, ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಕಾದು ಹೋದನಂತೆ.

ನೋಲಿಯಲ್ಲಿ ದೀಪಿಕಳೂ ತಿರುಗಿ ಕೂತಳು. ಅಲ್ಲಿ ಫೋನು ಮಗುಚಿಟ್ಟ ಮೇಲೆ ಇವಳು ತಿರುಗಬೇಕಾದ್ದೇನೂ ಇರಲಿಲ್ಲ. ಆದರೆ ಮಾತು ಕೊಟ್ಟಿದ್ದಳಲ್ಲ. ಸಮುದ್ರಕ್ಕೂ ರೊಟ್ಟಿಗೂ ಬೆನ್ನು ಹಾಕಿ, ಕಣ್ಣು ಮುಚ್ಚಿ, ಫ್ಲಾವಿಯಾಳಿಗೂ ಹಾಗೇ ಕೂರಲು ಸನ್ನೆ ಮಾಡಿದಳು. ಫ್ಲಾವಿಯಾ ಕೂತಳು. ಛತ್ರಿಯ ಅಜ್ಜನೂ ಏನೋ ಪ್ರಾರ್ಥನೆ ಇರಬೇಕೆಂದು ಟೋಪಿ ತೆಗೆದು ಊರಿನ ಹಿಂದಿನ ಬೆಟ್ಟದ ಕಡೆ ತಿರುಗಿದ.

ಹಿಂದೆ ದಪ್ಪನೆ ರೆಕ್ಕೆ ಬಡಿದ ಸದ್ದಾಯಿತು. ಫ್ಲಾವಿಯಾ ಚೀರಿದಳು. ಅದೇ ಹೊತ್ತಿಗೆ ಫೋನಿನೊಳಗಿಂದ ಅಂಕಯ್ಯನ ಧ್ವನಿ ಬಂತು: "ಮುಟ್ತು ಕಣ್ರಪ್ಪ, ಮುಟ್ತು."

"ನೀನ್ಯಾಕ್ಲಾ ನೋಡ್ದೆ?" ಎಂದರು ಅಜ್ಜಿ.

"ವಸಿ ಓರೆಗಣ್ಣಲ್ಲಿ ನೋಡ್ದೆ ಕಣಕ್ಕ. ಒಂದ್ ತುತ್ತು ಮುದ್ದೆ ಕಚ್ಕಂಡು ಎದ್ಬುಡ್ತು."

ಪರದೆಯ ಮೇಲೆ ಮತ್ತೆ ಬೆಳಕಾಯಿತು. ದೊಡ್ಡಪ್ಪನ ಮುಖ ತುಂಬ ಸಮಾಧಾನವಿತ್ತು. "ಆಯ್ತು ಮಗಾ. ಕಡೇಲಿ ಕೊಟ್ಟ ಮಾತು ನಂದೇ. ಅದುಕ್ಕೇ ಬಂದವ್ರೆ. ನೀನು ಗಂಟುಮೂಟೆ ಕಟ್ಕ."

"ಮೊದ್ಲು ಒಪ್ಕಂಡಿದ್ದು ಬದದ ಇಚಾರ," ಎಂದ ಅಂಕಯ್ಯ.

"ಬದಕ್ಕೆ ಇಳಿಯಂಗಿದ್ರೆ ಆಗ್ಲೇ ಇಳೀತಿದ್ರು. ಸುಮ್ಕಿರು."

ದೀಪಿಕ ಹಿಂದೆ ತಿರುಗಿ ನೋಡಿದಳು. ಟವಲಿನ ಮೇಲೆ ಪೊಟ್ಟಣದ ಎಣ್ಣೆಯ ಗುರುತು ಮಾತ್ರ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಅಜ್ಜಿ, ಇಲ್ಲೂ ನನ್ನ ರೊಟ್ಟಿ ಹೋಯ್ತು. ನಾವು ಬೆನ್ನು ಹಾಕಿದಾಗ್ಲೇ."

"ಯಾವಾಗ?"

"ಅಲ್ಲಿ ಮುಟ್ತು ಅಂದ್ರಲ್ಲ, ಆಗ್ಲೇ."

ಅಜ್ಜಿ ಫೋನನ್ನು ಮಗನ ಕೈಯಿಂದ ಕಿತ್ತುಕೊಂಡರು. "ತೋರ್ಸು."

ದೀಪಿಕ ಫೋನು ತಿರುಗಿಸಿದಳು. ಛತ್ರಿಯ ಕಂಬದ ಮೇಲೆ ಕೋಳಿಗಿಂತ ದಪ್ಪಗಿರುವ ಒಂದು ಬಿಳಿ ಕಡಲಹಕ್ಕಿ ಕೂತಿತ್ತು. ಬಾಯಲ್ಲಿ ಇಡೀ ರೊಟ್ಟಿ. ಅದು ಕತ್ತನ್ನು ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣಿನಲ್ಲಿ ಫೋನನ್ನು ನೋಡಿತು. ಆಮೇಲೆ ಇವರಿಗೆ ಬೆನ್ನು ಹಾಕಿ, ಸಮುದ್ರಕ್ಕೆ ಮುಖ ಮಾಡಿ ನುಂಗಿತು.

ಅಜ್ಜಿ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು.

"ಅವ್ರೇ," ಎಂದರು.

"ಅವ್ವ, ಇಲ್ಲಿ ಮುಟ್ಟಿದ್ಯಾರು ಮತ್ತೆ?" ಜಯಪ್ರಕಾಶ್ ಕೇಳಿದರು.

"ಇಲ್ಲೂ ಅವ್ರೇ. ಇಲ್ಲಿ ನಮ್ ಮನಸ್ಸಿಗೆ ಅಂತ ಒಂದ್ ತುತ್ತು ತಿಂದವ್ರೆ. ಅಲ್ಲಿ ಇಡೀ ರೊಟ್ಟಿ ತಿಂದವ್ರೆ. ಯಾವ ಕಡೀಕೆ ಮನಸ್ಸದೆ ಅಂತ ನಿಂಗೆ ಗೊತ್ತಾಗಕಿಲ್ವಾ? ಮೊಮ್ಮಗಳ ತಾವ್ಕೆ ಓಗವ್ರೆ. ಅವಳ್ನ ಇಲ್ಲಿಗೆ ಕರುಸ್ಕಂಡ್ರೆ ಅವ್ರಿಗೆ ಅಲ್ಲಿ ಊಟಕ್ಕೆ ಇಕ್ಕೋರ್ಯಾರು?"

ಜಯಪ್ರಕಾಶ್ ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ನೆಂಟರೆಲ್ಲ, "ಸರಿ ಕಣಕ್ಕ, ಸರಿ ಕಣಕ್ಕ, ಓದ್ಲಿ ಬುಡಿ," ಎಂದು ಒಟ್ಟಿಗೆ ಹೇಳಿ, ಮನೆಯ ಕಡೆ ನಡೆಯಲು ಶುರುಮಾಡಿಬಿಟ್ಟರು. ಹಸಿವಿನ ಮುಂದೆ ದೊಡ್ಡಪ್ಪ ಒಬ್ಬರೇ ಉಳಿದರು. ಅವರು ಗಳು ಎತ್ತಿಕೊಂಡು, "ಅಪ್ಪ ನೀರಿಗಿಳಿದವ್ರೇ ಅಲ್ಲ, ಸಮುದ್ರಕ್ಕೆ ಹೆಂಗೋದ್ರು?" ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತ ಹಿಂದೆ ಹೋದರು.

"ಓದು ಮುಗ್ಸು ಮಗಾ," ಎಂದರು ಅಜ್ಜಿ. "ಆದ್ರೆ ಒಂದು. ವಾರಕ್ಕೊಂದ್ಸಲ ಅವ್ರಿಗೆ ಇಕ್ಕು. ಇಕ್ಬುಟ್ಟು ನೋಡ್ತಾ ನಿಲ್ಬ್ಯಾಡ."

"ಹೂಂ ಅಜ್ಜಿ."

ಫೋನಿಟ್ಟ ಮೇಲೆ ಫ್ಲಾವಿಯಾ ಏನಾಯಿತೆಂದು ಕೇಳಿದಳು. ದೀಪಿಕಳ ಇಟಾಲಿಯನ್ ಅಷ್ಟಕ್ಕಷ್ಟೇ. ಅವಳು ಒಂದೊಂದೇ ಪದ ಜೋಡಿಸಿ ಹೇಳಿದ್ದು ಇಷ್ಟು: ಆ ಹಕ್ಕಿ ನನ್ನ ತಾತ, ಆದ್ದರಿಂದ ಈ ವರ್ಷ ನನ್ನ ಮದುವೆ ಇಲ್ಲ. ಫ್ಲಾವಿಯಾ ಹಕ್ಕಿಯನ್ನು ನೋಡಿದಳು, ದೀಪಿಕಳನ್ನು ನೋಡಿದಳು, ಕಾಲಿಗೆ ಚಪ್ಪಲಿ ಹಾಕಿಕೊಂಡಳು.

"ಇನ್ನೊಂದು ರೊಟ್ಟಿ ತರ್ತೇನೆ. ಅವರಿಗೆ ಈರುಳ್ಳಿ ಇರೋದಾ, ಇಲ್ಲದ್ದಾ?"

"ಈರುಳ್ಳಿ ಇರೋದು," ಎಂದಳು ದೀಪಿಕ. ತಾತ ಮುದ್ದೆಗೂ ಹಸಿ ಈರುಳ್ಳಿ ನಂಚಿಕೊಳ್ಳುತ್ತಿದ್ದರು. ಅದನ್ನು ಹೇಳುವಾಗಲೇ ಅವಳಿಗೆ, ಗುರುವಾರದಿಂದ ಬಾರದಿದ್ದ ಅಳು ಬಂತು. ಫ್ಲಾವಿಯಾ ಹೇಳಿದಂತೆ ಅಲ್ಲಿ ಗಾಳಿ ಚೆನ್ನಾಗಿತ್ತು.

ಅದು ನಿಜವಾಗಿಯೂ ತಾತನೇ ಎಂದು ದೀಪಿಕ ನಂಬುತ್ತಾಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ. ಅವತ್ತು ಮಧ್ಯಾಹ್ನ ಅದೇ ಹಕ್ಕಿ ಒಂದು ಮಗುವಿನ ಕೈಯಿಂದ ಐಸ್‌ಕ್ರೀಂ ಕಿತ್ತುಕೊಂಡು ಹೋಯಿತು. ತಾತ ಯಾರ ಮನೆಯ ನೀರನ್ನೂ ಕೇಳದೆ ಕುಡಿದವರಲ್ಲ. ದೀಪಿಕಳಿಗೆ ನಾಚಿಕೆಯಾಗಿ, ಮಗುವಿನ ತಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಿದಳು. ಹಕ್ಕಿ ಮಾಡಿದ್ದಕ್ಕೆ ಇವಳೇಕೆ ಕ್ಷಮೆ ಕೇಳಬೇಕೆಂದು ಆ ತಾಯಿಗೆ ತಿಳಿಯಲಿಲ್ಲ. ದೀಪಿಕ ವಿವರಿಸಲಿಲ್ಲ.

ಬರುವ ಶನಿವಾರ ಅವಳು ಬೆಳಗಿನ ರೈಲಿಗೆ ಮತ್ತೆ ನೋಲಿಗೆ ಹೋಗುತ್ತಾಳೆ. ಈರುಳ್ಳಿ ರೊಟ್ಟಿ ಕೊಂಡು, ಮರಳಿನ ಮೇಲೆ ಇಟ್ಟು, ಬೆಟ್ಟದ ಕಡೆ ತಿರುಗಿ ಕೂರುತ್ತಾಳೆ.