ಹೆಬ್ಬಾವಿನ ಗೃಹಪ್ರವೇಶ

ಹಿಮಾಯತ್‌ನಗರದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಸರ್ಕಾರಿ ಗುಮಾಸ್ತರು. ಅವರು ಟ್ರಂಕಿನಲ್ಲೊಂದು ಹೆಬ್ಬಾವು ಸಾಕಿದ್ದರು. ಬೆಳೆದ ಹಾವಿಗೆ ಟ್ರಂಕು ಸಾಲದಾದಾಗ ದೊಡ್ಡ ಕಪಾಟು ಹುಡುಕುತ್ತ, ನಮ್ಮನ್ನೂ ಕರೆದುಕೊಂಡು ಪೇಟೆಯೆಲ್ಲ ಅಲೆದರು. ಕಂಡ ಕಪಾಟಿನೊಳಗೆಲ್ಲ ತಾವೇ ಮೊಣಕಾಲು ಮಡಚಿ ಕೂತು ನೋಡುವರು. "ಇಸ್ಮೆ ಆಪ್ ಸೋತೇ ಕ್ಯಾ ಸಾಬ್?" ಇದರಲ್ಲಿ ನೀವು ಮಲಗುತ್ತೀರಾ ಎಂದು ಅಂಗಡಿಯವರು ಕೇಳಿದರೆ, ನಮ್ಮತ್ತ ತಿರುಗಿ, "ಅದಕ್ಕ ಆರಾಮ ಅನಸ್ಬೇಕ್ರಿ" ಎನ್ನುವರು. ಕೊನೆಗೆ ಮುಚ್ಚಿಹೋದ ಇರಾನಿ ಹೋಟೆಲಿನ ಬಿಸ್ಕೀಟಿನ ಗಾಜಿನ ಕಪಾಟು ಬಂಡಿಯಲ್ಲಿ ಬಂತು. ಗಾಳಿಗೆ ಜಾಲರಿ, ಬಿಸಿಗೆ ಬಲ್ಬು, ಸುತ್ತಿಕೊಳ್ಳಲು ಬೇವಿನ ಟೊಂಗೆ, ನೀರಿಗೆ ಪರಾತ ಇಟ್ಟು, ಗೃಹಪ್ರವೇಶಕ್ಕೆ ಇಡೀ ಓಣಿಯನ್ನೇ ಕರೆದರು.

ಟ್ರಂಕು ತೆರೆದರೆ ಹಾವಿಲ್ಲ! ನಾವೆಲ್ಲ ಕಟ್ಟೆ ಏರಿದೆವು. ಕಾಕಾ ಅಳುಮೋರೆ ಹಾಕಿಕೊಂಡು ಮಂಚದ ಕೆಳಗೆ, ಬಚ್ಚಲಲ್ಲಿ ಹುಡುಕಿದರು. ಅಷ್ಟರಲ್ಲಿ ಅಡಿಗೆಮನೆಯಿಂದ ಅವರ ಹೆಂಡತಿ ಕಾಕು ಬಂದರು. ನಾಲ್ಕು ವರ್ಷ ಆ ಟ್ರಂಕಿನ ಹತ್ತಿರವೂ ಸುಳಿಯದಿದ್ದ ಅವರ ಹೆಗಲ ಮೇಲೆ ಹಾವು ಹಾಯಾಗಿ ಮಲಗಿತ್ತು!

"ಒಲಿ ಹಂತೇಕ ಮಲಗಿತ್ತು. ಏನ್ ನೋಡಾಕತ್ತೀರಿ? ಲಗೂನ ಬಾಗಲಾ ತೆಗೀರಿ, ಭಾಳ ವಜ್ಜಿ ಐತಿ!"

ಕಾಕಾ ಕಪಾಟಿನ ಬಾಗಿಲು ತೆಗೆಯಲಿಲ್ಲ. ಓಡಿ ಹೋಗಿ ಹಾವನ್ನೂ ಕಾಕುವನ್ನೂ ಒಟ್ಟಿಗೇ ಅಪ್ಪಿಕೊಂಡರು. ಗಂಡನೊಬ್ಬ ಹೆಂಡತಿಯನ್ನು ಅಪ್ಪಿಕೊಂಡದ್ದನ್ನು ನಮ್ಮ ಓಣಿ ನೋಡಿದ್ದು ಅದೇ ಮೊದಲು. ಕಟ್ಟೆಯ ಮೇಲಿಂದ ಸೀಟಿ ಹೊಡೆದವರಲ್ಲಿ ನಮ್ಮ ಅಜ್ಜಿಯೂ ಇದ್ದಳು.